ಮಾರಿಬಿಡಿ ಎಂದಿದ್ದೆ, ಅಕ್ಕ ಮಾರಲಿಲ್ಲ

ಕಳೆದ ಗುರುವಾರ ಬೆಳಿಗ್ಗೆ ನಮ್ಮ ಬಚ್ಚಲುಮನೆಯ ಮೂಲೆಯಲ್ಲಿ, ಹಳೆಯ ಮಂಕರಿಯೊಂದರಲ್ಲಿ 21 ದಿನಗಳಿಂದ ಕಾವಿಗೆ ಕೂತಿದ್ದ ಬೆಳ್ಳಕ್ಕನೆಂಬ ಹೇಂಟೆ 11 ಮೊಟ್ಟೆಗಳಲ್ಲಿ ಒಂಬತ್ತನ್ನು ಮರಿ ಮಾಡಿ ಮುಗಿಸಿತು. ಅದರ ಎದುರಿಗೆ, ಎರಡು ಮಾರು ದೂರದಲ್ಲಿ, ಮುಂಗಾಲುಗಳ ಮೇಲೆ ಗದ್ದವಿಟ್ಟುಕೊಂಡು ನಮ್ಮ ನಾಯಿ ದಾಸ ಮಲಗಿದ್ದ. ಯಜಮಾನರು ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ಮರಳಿ ಅಂದಿಗೆ ಒಂದು ವರ್ಷ ತುಂಬಿ ಎರಡು ದಿನ ಕಳೆದಿತ್ತು. ವರ್ಷ ತುಂಬಿದ ದಿನವೇ ಈ ಬರಹವನ್ನು ಬರೆಯಬೇಕೆಂದಿದ್ದೆ. ಮೊಟ್ಟೆ ಒಡೆಯುವುದನ್ನು ಕಾಯುತ್ತ ಕೂತದ್ದರಿಂದ ತಡವಾಯಿತು.

ಅವರಿಗೆ ಏನಾಗಿತ್ತು, ಎಷ್ಟು ದಿನ ಹೇಗಿದ್ದರು ಎಂಬುದೆಲ್ಲ ಇದನ್ನು ಓದುವ ಹೆಚ್ಚಿನವರಿಗೆ ತಿಳಿದೇ ಇರುವುದರಿಂದ ಮತ್ತೆ ಹೇಳುವುದಿಲ್ಲ. ಸುರಿಯುವ ಮಳೆಯಲ್ಲಿ ಚಾರ್ಮಾಡಿ ಘಾಟಿಯ ತಿರುವುಗಳನ್ನು ರಾತ್ರಿಯೇ ಇಳಿಸಿ ನಮ್ಮನ್ನು ಮಂಗಳೂರು ಮುಟ್ಟಿಸಿದ ಮೈದುನನಿಗೆ, ಕರೆದ ಒಂದು ಮಾತಿಗೆ ರಕ್ತ ಕೊಡಲು ಬಂದ ಊರಿನ ಹುಡುಗರಿಗೆ, ನಾನು ಮೇಲ್ವಿಚಾರಕಿಯಾಗಿರುವ ಗ್ರಂಥಾಲಯದ ಬಾಗಿಲನ್ನು ನನ್ನ ಬದಲಿಗೆ ತೆರೆದು ಮುಚ್ಚಿದ ಪಂಚಾಯಿತಿಯವರಿಗೆ, ಕೇಳದೆಯೇ ಹಣ ಕಳಿಸಿ ಇಂದಿಗೂ ಲೆಕ್ಕ ಕೇಳದ ಮೂವರು ಗೆಳತಿಯರಿಗೆ, ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತು ಬೆಳಗು ಮಾಡಿದ ತಂಗಿಗೆ ನಮ್ಮಿಬ್ಬರ ನಮಸ್ಕಾರ. ಅಷ್ಟೆಲ್ಲ ಮಾಡಿದ ತನಗೆ ಅರ್ಧ ವಾಕ್ಯವೇ ಎಂದು ತಂಗಿ ಮುನಿಸಿಕೊಳ್ಳುವಳೆಂದು ಗೊತ್ತು. ಅವಳಿಗೆ ಹೇಳಬೇಕಾದದ್ದನ್ನು ನಾನು ಬಾಯಾರೆ ಹೇಳಿದ್ದೇನೆ, ಅವಳು ಕೇಳಿಸಿಕೊಂಡಿದ್ದಾಳೆ. ಇನ್ನೊಬ್ಬರಿದ್ದಾರೆ, ಅವರ ಎದುರು ಕೂತು ಈ ಮಾತೆತ್ತಿದರೆ ‘ಅದೇನ್ ಮಹಾ’ ಎಂದು ಸೆರಗು ಕೊಡವಿ ಎದ್ದು ಹೋಗುತ್ತಾರೆ. ಆದ್ದರಿಂದ ಬರೆಯಬೇಕಾಗಿದೆ. ಅವರಿಗೆ ಓದು ಬಾರದು. ಏಳನೆಯ ತರಗತಿಯಲ್ಲಿರುವ ಮೊಮ್ಮಗಳು ಓದಿ ಹೇಳಲಿ. ಹೆಸರು ಹಾಕಕೂಡದೆಂದು ಮೊದಲೇ ಅಪ್ಪಣೆಯಾಗಿರುವುದರಿಂದ, ನಾವು ಮನೆಯಲ್ಲಿ ಕರೆಯುವಂತೆ ಅಕ್ಕ ಎಂದಷ್ಟೇ ಬರೆಯುತ್ತೇನೆ.

ಅಕ್ಕ ಪಕ್ಕದ ಎಸ್ಟೇಟಿನಲ್ಲಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿರುವವರು. ಕಾಫಿ ಕೊಯ್ಲಿನ ಸಮಯದಲ್ಲಿ ನಮ್ಮ ನಾಲ್ಕು ಎಕರೆಗೂ ಬರುತ್ತಾರೆ. ಕಳೆದ ವರ್ಷ ಜುಲೈ ಮೊದಲ ವಾರ ನಾವು ಮನೆಗೆ ಬೀಗ ಹಾಕಲೂ ಪುರಸೊತ್ತಿಲ್ಲದೆ ಹೊರಟಾಗ, ಗೇಟಿನ ಬಳಿ ನಿಂತಿದ್ದ ಅವರ ಕೈಗೆ ಕೀಲಿಕೈಯನ್ನು ಕೊಟ್ಟು, ಕೋಳಿಗಳಿವೆ, ದಾಸನಿದ್ದಾನೆ ಎಂದಷ್ಟೇ ಹೇಳಿದ್ದೆ. ಅವರು ಅಂದು ಸಂಜೆಯೇ ಚಾಪೆ ತಂದು ನಮ್ಮ ಜಗಲಿಯಲ್ಲಿ ಹಾಸಿಕೊಂಡರಂತೆ. ಎರಡೂವರೆ ತಿಂಗಳು ಅಲ್ಲೇ ಮಲಗಿದರು.

ಅವರು ಏನನ್ನು ಉಳಿಸಿಕೊಟ್ಟರು ಎಂಬುದು ತಿಳಿಯಬೇಕಾದರೆ ನಮ್ಮ ಕೋಳಿಗಳ ಮತ್ತು ದಾಸನ ಸಂಸಾರದ ಕತೆಯನ್ನು ಸ್ವಲ್ಪ ಹೇಳಬೇಕು. ಗ್ರಂಥಾಲಯದಲ್ಲಿ ಪುಸ್ತಕಗಳನ್ನು ದಾಖಲು ಮಾಡುವ ಅಭ್ಯಾಸ ಕೈಗಂಟಿಕೊಂಡಿರುವುದರಿಂದ ನಾನು ಕೋಳಿಗಳಿಗೂ ಒಂದು ರಿಜಿಸ್ಟರು ಇಟ್ಟಿದ್ದೇನೆ. ಹುಟ್ಟಿದ ದಿನ, ಬಣ್ಣ, ಕಾವಿಗೆ ಕೂತ ದಿನ, ಹೋದ ದಿನ ಮತ್ತು ಹೋದ ಬಗೆ. 2016ರ ಬೇಸಿಗೆಯ ಪುಟದಲ್ಲಿ ಆರೇ ದಿನಗಳಲ್ಲಿ 27 ಕೋಳಿಗಳ ಮುಂದೆ ಒಂದೇ ಪದವಿದೆ: ಕೊಕ್ಕರೆ ರೋಗ. ಪಶುವೈದ್ಯರು ರಾಣಿಕೇತ್ ಎನ್ನುವ ಈ ಕಾಯಿಲೆಯಲ್ಲಿ ಕೋಳಿ ಹಸಿರು ಹಿಕ್ಕೆ ಹಾಕಿ, ಕತ್ತನ್ನು ಬೆನ್ನಿನತ್ತ ತಿರುಚಿಕೊಂಡು, ತನ್ನ ಸುತ್ತ ತಾನೇ ತಿರುಗಿ ಬೀಳುತ್ತದೆ. ಬಂದ ಮೇಲೆ ಮದ್ದಿಲ್ಲ. ಮರಿಗಳಿಗೆ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಲಸಿಕೆಯ ಹನಿ ಹಾಕಿಸಬೇಕು, ಎಂಟನೆಯ ವಾರದಲ್ಲಿ ಚುಚ್ಚುಮದ್ದು ಕೊಡಿಸಬೇಕು ಎಂಬುದನ್ನು ನಮಗೆ ಕಲಿಸಿದವನು ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಆಗ ಓದುತ್ತಿದ್ದ ನೆಂಟರ ಹುಡುಗ. ಅವನಿಗೂ ಇಲ್ಲಿಯೇ ಒಂದು ನಮಸ್ಕಾರ.

ಬರಿದಾದ ಗೂಡಿಗೆ ಹೊಸ ಕೋಳಿಗಳು ಬಂದ ವರ್ಷವೇ, 2017ರಲ್ಲಿ, ದಾಸನೂ ಬಂದ. ಅಪ್ಪಟ ಊರುನಾಯಿ, ಜಾತಿ ಕೇಳಿದವರಿಗೆ ಯಜಮಾನರು ನಮ್ಮ ತಾಲ್ಲೂಕಿನ ಹೆಸರು ಹಿಡಿದು ‘ಮೂಡಿಗೆರೆ ತಳಿ’ ಎಂದು ಗಂಭೀರವಾಗಿ ಹೇಳುತ್ತಾರೆ. ಆರು ತಿಂಗಳಾದಾಗ ಆಟವಾಡುತ್ತಲೇ ಒಂದು ಮರಿಯನ್ನು ಕೊಂದ. ಸತ್ತ ಮರಿಯನ್ನು ಅವನ ಕೊರಳಿಗೆ ಮೂರು ದಿನ ಕಟ್ಟಿದರೆ ಜನ್ಮದಲ್ಲಿ ಕೋಳಿ ಮುಟ್ಟುವುದಿಲ್ಲ ಎಂದು ಕೇರಿಯ ಹಿರಿಯರೆಲ್ಲ ಹೇಳಿದರು. ನನಗೆ ಮನಸ್ಸು ಬರಲಿಲ್ಲ. ಅದರ ಬದಲು ಮೂರು ವಾರಗಳ ಕಾಲ ದಿನಕ್ಕೆರಡು ಬಾರಿ, ಕೋಳಿಗಳಿಗೆ ಅಕ್ಕಿನುಚ್ಚು ಚೆಲ್ಲುವ ಹೊತ್ತಿಗೆ, ಅವನನ್ನು ಮೊಳದುದ್ದದ ಹಗ್ಗದಲ್ಲಿ ಪಕ್ಕಕ್ಕೆ ಕೂರಿಸಿಕೊಂಡೆ. ಪಾಠ ಮುಗಿಸಿದ್ದು ಮಾತ್ರ ನಾನಲ್ಲ. ಮರಿಗಳಿದ್ದ ಒಂದು ಹೇಂಟೆ ರೆಕ್ಕೆ ಕೆದರಿಕೊಂಡು ಬಂದು ಅವನ ಮೂಗಿನ ತುದಿಯನ್ನೇ ಕುಕ್ಕಿತು. ಎಂಟು ವರ್ಷವಾದರೂ ಮರಿಗಳಿರುವ ಹೇಂಟೆಯನ್ನು ಕಂಡರೆ ಅವನು ಎರಡು ಮಾರು ದೂರ ನಿಲ್ಲುತ್ತಾನೆ. ಮೊನ್ನೆ ಗುರುವಾರ ಮಲಗಿದ್ದದ್ದೂ ಅದೇ ಅಂತರದಲ್ಲಿ.

ನಮ್ಮ ಕೋಳಿಗಳು ಬೆಳಗಾದರೆ ತೋಟಕ್ಕೆ ಬಿದ್ದು, ಕಾಫಿ ಗಿಡಗಳ ಬುಡದ ತರಗನ್ನು ಕೆದರಿ ಗೆದ್ದಲು, ಹುಳುಹುಪ್ಪಟೆ ತಿಂದು ಸಂಜೆಗೆ ಮರಳುವಂಥವು. ಗಿಡಗಳಿಗೆ ರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವ ದಿನಗಳಲ್ಲಿ ಮಾತ್ರ ಗೂಡಿನ ಬಾಗಿಲು ತೆರೆಯುವುದಿಲ್ಲ. ಹೀಗೆ ತಿರುಗಾಡಿ ಮೇಯುವ ಕೋಳಿಗೆ ಶತ್ರುಗಳು ಹೆಚ್ಚು. ನೆಲದಲ್ಲಿ ಕೀರ (ಮುಂಗುಸಿ), ಕಾಡುಬೆಕ್ಕು, ಮೇಲೆ ಗಿಡುಗ. ಹುಂಜ ಎರಡಕ್ಕೂ ಒಂದೇ ರೀತಿ ಕೂಗುವುದಿಲ್ಲ ಎಂಬುದನ್ನು ನಾನು ಗಮನಿಸಿದ್ದೇ ದಾಸನನ್ನು ನೋಡಿ. ನೆಲದ ಶತ್ರುವನ್ನು ಕಂಡರೆ ಹುಂಜ ಎಡೆಬಿಡದೆ ಕೊಕ್ಕೊಕ್ಕೊಕ್ಕೆಂದು ಗದ್ದಲವೆಬ್ಬಿಸುತ್ತದೆ. ಗಿಡುಗ ಕಂಡರೆ ಎಳೆದಂತಹ ಸಣ್ಣ ದನಿಯೊಂದನ್ನು ಹೊರಡಿಸಿ ಅಲ್ಲೇ ಅಡಗುತ್ತದೆ. ಜಗಲಿಯಲ್ಲಿ ಕಣ್ಣು ಮುಚ್ಚಿ ಮಲಗಿರುವ ದಾಸ ಮೊದಲನೆಯ ಕೂಗಿಗೆ ಪೊದೆಯತ್ತ ಹಾರುತ್ತಾನೆ, ಎರಡನೆಯದಕ್ಕೆ ತಲೆಯೆತ್ತಿ ಸಿಲ್ವರ್ ಓಕ್ ಮರಗಳ ತುದಿಯನ್ನು ನೋಡಿ ಬೊಗಳುತ್ತಾನೆ. ಯಾರೂ ಕಲಿಸಿದ್ದಲ್ಲ. ಗಿಡುಗದ ವಿಷಯದಲ್ಲಿ ಅವನಿಂದ ಹೆಚ್ಚೇನೂ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ರಿಜಿಸ್ಟರಿನಲ್ಲಿ ‘ಗಿಡುಗ’ ಎಂಬ ಪದ ಇಂದಿಗೂ ಬರುತ್ತಲೇ ಇದೆ.

ಬೆಳ್ಳಕ್ಕನಿಗೂ ಅವನಿಗೂ ಇರುವ ವ್ಯವಹಾರವೇ ಬೇರೆ. ಅದು ಗೂಡಿನಲ್ಲಿ ಹುಲ್ಲು ಹಾಸಿದ ಜಾಗವನ್ನೆಲ್ಲ ಬಿಟ್ಟು, ಜಗಲಿಯ ಮೂಲೆಯಲ್ಲಿ ದಾಸನಿಗೆಂದು ಹಾಕಿದ ಗೋಣಿಚೀಲದಲ್ಲೇ ಮೊಟ್ಟೆಯಿಡುತ್ತದೆ. ಅದು ಬಂದೊಡನೆ ದಾಸ ಎದ್ದು ಜಾಗ ಬಿಟ್ಟುಕೊಟ್ಟು, ಮೆಟ್ಟಿಲಿನ ಮೇಲೆ ಬೆನ್ನು ಹಾಕಿ ಕೂರುತ್ತಾನೆ. ಮೊಟ್ಟೆಯಿಟ್ಟು, ಊರಿಗೆಲ್ಲ ಸಾರಿ, ಅದು ಇಳಿದು ಹೋದ ಮೇಲೆ ಇವನು ಹೋಗಿ, ನಾವು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೊಟ್ಟೆಯನ್ನು ಒಡೆದು ನೆಕ್ಕುತ್ತಾನೆ. ದಿನವೂ ಅಲ್ಲ, ವಾರಕ್ಕೆ ಎರಡು ಮೂರು ಬಾರಿ. ಯಜಮಾನರು ಇದನ್ನು ಬಾಡಿಗೆ ಎಂದು ಕರೆದು ಕ್ಷಮಿಸಿದ್ದಾರೆ. ಹಾಗೆಂದು ನಮ್ಮ ಮನೆಯನ್ನು ಗೋಶಾಲೆಯಂತೆ ಕಲ್ಪಿಸಿಕೊಳ್ಳಬೇಡಿ. ಕಡುಬಿಗೆ ನಾಟಿಕೋಳಿ ಸಾರು ನಮ್ಮಲ್ಲೂ ಆಗುತ್ತದೆ. ಹೆಸರಿಟ್ಟ ಕೋಳಿಯನ್ನು ಕೊಯ್ಯಬಾರದು ಎಂಬುದೊಂದೇ ಕಟ್ಟಳೆ. ಮಗಳು ರಜೆಗೆ ಬಂದಾಗಲೆಲ್ಲ ಸಿಕ್ಕಿದ್ದಕ್ಕೆಲ್ಲ ಹೆಸರಿಟ್ಟು ಹೋಗುವುದರಿಂದ ಸಾರಿನ ಕೋಳಿಯನ್ನು ಸಂತೆಯಿಂದ ತರಬೇಕಾಗಿ ಬಂದದ್ದೂ ಉಂಟು.

ನಾವು ಹೊರಟ ದಿನ ರಿಜಿಸ್ಟರಿನಲ್ಲಿ 34 ಕೋಳಿಗಳಿದ್ದವು. ಅವುಗಳ ಯಜಮಾನ ಪಟೇಲನೆಂಬ ಹುಂಜ, ಕೆಂಪುಗಪ್ಪು ಬಣ್ಣದ್ದು. ನಡೆಯುವಾಗ ಒಂದು ಕಾಲನ್ನು ಅರೆಗಳಿಗೆ ಮೇಲೆ ಹಿಡಿದು ನಂತರ ಇಡುವ ಠೀವಿಗಾಗಿ ಆ ಹೆಸರು.

ಈಗ ನಾನು ಬರೆಯಲು ಹಿಂಜರಿಯುತ್ತಿದ್ದ ಸಂಗತಿ. ಆಸ್ಪತ್ರೆ ಸೇರಿದ ಎಂಟನೆಯ ದಿನ, ಗಾಜಿನ ಬಾಗಿಲಿನ ಆಚೆ ನಮ್ಮ ಯಜಮಾನರಿಗೆ ಪ್ರಜ್ಞೆಯಿರಲಿಲ್ಲ, ನಾನು ಒಂದು ಕಾಗದಕ್ಕೆ ಸಹಿ ಹಾಕಿ ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿದೆ. ಕೋಳಿಗಳನ್ನೆಲ್ಲ ಬಂದ ಬೆಲೆಗೆ ಮಾರಿಬಿಡಿ ಎಂದೆ. ದಾಸನನ್ನು ಯಾರಾದರೂ ಕೇಳಿದರೆ ಕೊಟ್ಟುಬಿಡಿ, ಕೇಳದಿದ್ದರೆ ಎಲ್ಲಾದರೂ ಬಿಟ್ಟು ಬನ್ನಿ ಎಂದೂ ಅಂದೆ. ಎಂಟು ವರ್ಷವಾದರೂ ನನ್ನ ಚಪ್ಪಲಿಯ ಸದ್ದಿಗೆ ಗೇಟಿನವರೆಗೆ ಓಡಿಬರುವ ನಾಯಿಯ ಬಗ್ಗೆ ಆ ಮಾತನ್ನು ನಾನೇ ಆಡಿದ್ದು. ಇನ್ನು ಆ ಮನೆಗೆ ಹೋಗಿ ಬಾಳುವುದುಂಟೇ ಎಂಬ ಲೆಕ್ಕದಲ್ಲಿ ನಾನಿದ್ದೆ. ಆ ಹೊತ್ತಿನಲ್ಲಿ ಅಂಗಳ, ಗೂಡು, ನಾಯಿ ಎಲ್ಲವೂ ಮುಗಿಸಬೇಕಾದ ಬಾಕಿಯಂತೆ ಕಂಡವು. ಅಕ್ಕ ಸುಮ್ಮನೆ ಕೇಳಿ, ‘ಆಯ್ತಮ್ಮ, ನೋಡಣ’ ಎಂದರು. ಆಮೇಲೆ ನಾನು ಫೋನು ಮಾಡಿದಾಗಲೆಲ್ಲ ಯಜಮಾನರ ಆರೋಗ್ಯವನ್ನು ಕೇಳಿದರೇ ಹೊರತು ಕೋಳಿಯ ಮಾತೆತ್ತಲಿಲ್ಲ. ಮಾರಿರಬೇಕೆಂದುಕೊಂಡೆ. ಕೇಳುವ ಧೈರ್ಯವೂ ಇರಲಿಲ್ಲ.

ಜುಲೈ ಕೊನೆಯ ವಾರ ಪುಷ್ಯ ಮಳೆ ಹಿಡಿಯಿತು. 2019ರ ಆಗಸ್ಟಿನಲ್ಲಿ ನಮ್ಮ ತಾಲ್ಲೂಕಿನ ಗುಡ್ಡಗಳು ಜರಿದದ್ದನ್ನೂ, ಚಾರ್ಮಾಡಿ ಘಾಟಿ ವಾರಗಟ್ಟಲೆ ಮುಚ್ಚಿದ್ದನ್ನೂ ಕಂಡವರಿಗೆ ದರೆ, ಅಂದರೆ ಗುಡ್ಡ ಕಡಿದಲ್ಲಿ ಉಳಿಯುವ ಮಣ್ಣಿನ ಗೋಡೆ, ಎಂಬ ಪದವನ್ನು ಮಳೆಗಾಲದಲ್ಲಿ ಕೇಳಿದರೆ ಎದೆ ಒಮ್ಮೆ ನಿಲ್ಲುತ್ತದೆ. ನಮ್ಮ ಕೋಳಿಗೂಡು ಇದ್ದದ್ದು ಅಂತಹ ಒಂದು ದರೆಯ ಬುಡದಲ್ಲಿ. ಅದನ್ನು ಅಲ್ಲಿಂದ ತೆಗೆದು ಅಂಗಳದ ಈಚೆಗೆ ಕಟ್ಟಬೇಕೆಂದು 2019ರಿಂದಲೇ ಹೇಳುತ್ತ, ಪ್ರತಿ ಬೇಸಿಗೆಯಲ್ಲೂ ಮುಂದಿನ ಬೇಸಿಗೆಗೆ ಹಾಕುತ್ತ ಬಂದವರು ನಾವೇ. ತಪ್ಪು ಬೇರೆ ಯಾರದೂ ಅಲ್ಲ.

ಆ ಮಳೆಯಲ್ಲಿ ಒಂದು ರಾತ್ರಿ ನಡೆದದ್ದನ್ನು ಅಕ್ಕ ನನಗೆ ಒಂದೇ ಸಲ ಹೇಳಲಿಲ್ಲ. ಆರು ತಿಂಗಳ ಅವಧಿಯಲ್ಲಿ, ಕಾಫಿ ಕೊಯ್ಯುವಾಗ ಒಂದು ತುಣುಕು, ಕಣದಲ್ಲಿ ಹಣ್ಣು ಹರವುವಾಗ ಒಂದು ತುಣುಕು ಎಂಬಂತೆ ಅವರ ಬಾಯಿಂದ ಬಿದ್ದದ್ದನ್ನು ಜೋಡಿಸಿ ಬರೆಯುತ್ತಿದ್ದೇನೆ. ಕರೆಂಟು ಹೋಗಿ ಮೂರು ದಿನವಾಗಿತ್ತು. ನಡುರಾತ್ರಿ ಕಳೆದ ಮೇಲೆ ದರೆ ಜರಿದು ಗೂಡಿನ ಹಿಂಗೋಡೆಯ ಮೇಲೆ ಬಿತ್ತು. ಹೆಂಚಿನ ಮಾಡು ಒಂದು ಕಡೆಗೆ ವಾಲಿ ಕೂತಿತು. ಮಳೆಯ ಸದ್ದಿನಲ್ಲಿ ಅವರಿಗೆ ಅದು ಕೇಳಿಸಲಿಲ್ಲ. ಎಚ್ಚರವಾದದ್ದು ದಾಸ ಮಣ್ಣು ಕೆರೆಯುವ ಸದ್ದಿಗೆ. ಅವನು ಬೊಗಳುತ್ತಿರಲಿಲ್ಲವಂತೆ. ಟಾರ್ಚು ಹಿಡಿದು, ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಹೋದಾಗ, ಒಡೆದ ಹೆಂಚುಗಳ ನಡುವೆ ಅವನು ಎರಡೂ ಮುಂಗಾಲುಗಳಿಂದ ಕೆಸರನ್ನು ಹಿಂದಕ್ಕೆ ತಳ್ಳುತ್ತಿದ್ದ. ಒಂದು ಕಾಲು ಹೆಂಚಿನ ಚೂರಿಗೆ ಸೀಳಿತ್ತು.

ಮೇಲಿನ ಮಣ್ಣು ಇನ್ನೂ ಸಣ್ಣಗೆ ಉದುರುತ್ತಿದ್ದ ಆ ಜಾಗದಲ್ಲಿ, ಅರವತ್ತು ದಾಟಿದ ಆ ಹೆಂಗಸು ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಗುದ್ದಲಿಯ ಕಾವಿನಿಂದ ಹೆಂಚುಗಳನ್ನು ಒಂದೊಂದಾಗಿ ಎತ್ತಿ, ಸಿಕ್ಕ ಕೋಳಿಗಳನ್ನು ಮಂಕರಿಗೂ ಸೆರಗಿಗೂ ತುಂಬಿ, ಬಚ್ಚಲುಮನೆಗೆ ಹೊತ್ತು ಹಾಕಿದರು. ಏಳು ಸಲ ಓಡಾಡಿದೆ ಎನ್ನುತ್ತಾರೆ. ಒದ್ದೆಯಾದ ಕೋಳಿ ಚಳಿಗೇ ಸಾಯುತ್ತದೆಂದು ತಿಳಿದಿದ್ದವರಾದ್ದರಿಂದ ಹಂಡೆಯೊಲೆಗೆ ನಮ್ಮ ಒಣಗಿದ ಕಾಫಿ ಕಟ್ಟಿಗೆಯನ್ನೆಲ್ಲ ತುರುಕಿ ಉರಿ ಎಬ್ಬಿಸಿದರು. ಒಂದೊಂದನ್ನೂ ಮಡಿಲಲ್ಲಿಟ್ಟು ಹಳೆಯ ಸೀರೆಯಲ್ಲಿ ಒರೆಸಿದರು. ಆ ಸೀರೆ ನನ್ನದು, ಹಾಳಾಯಿತೆಂದು ಅವರು ಇಂದಿಗೂ ನೊಂದುಕೊಳ್ಳುತ್ತಾರೆ. ದಾಸನ ಕಾಲಿಗೆ ಅರಿಶಿನ ಮೆತ್ತಿ ಅದೇ ಸೀರೆಯ ಅಂಚನ್ನು ಕಟ್ಟಿದರೆ, ಅವನು ಕಟ್ಟನ್ನು ಎಳೆದುಕೊಂಡೇ ಮತ್ತೆ ಗೂಡಿನತ್ತ ಹೋದ. ಕರೆತಂದರು. ಮತ್ತೆ ಹೋದ. ಮೂರನೆಯ ಸಲ ಅಕ್ಕನೂ ಹಿಂದೆಯೇ ಹೋಗಿ ಅವನು ನಿಂತ ಕಡೆ ಅಗೆದರು. ಅಲ್ಲಿದ್ದದ್ದು ಪಟೇಲ. ಜೀವವಿರಲಿಲ್ಲ. ಅದನ್ನು ಎತ್ತಿ ತಂದು ಬಚ್ಚಲಿನ ಹೊಸ್ತಿಲ ಬಳಿ ಇಟ್ಟ ಮೇಲೆ ದಾಸ ಒಮ್ಮೆ ಮೂಸಿ, ಒಳಗೆ ಬಂದು, ಅಕ್ಕನ ಮಡಿಲಿಗೆ ತಲೆಯಿಟ್ಟು ಮಲಗಿದವನು ಬೆಳಗಾಗುವವರೆಗೆ ಏಳಲಿಲ್ಲವಂತೆ. ಅವನು ಎದ್ದುಹೋದಾನೆಂಬ ಭಯಕ್ಕೆ ಅಕ್ಕನೂ ಏಳಲಿಲ್ಲ. ಇಪ್ಪತ್ತೆರಡು ಕೋಳಿ, ಒಂದು ನಾಯಿ, ತಾನು ಎಂದು ಒಲೆಯ ಮುಂದೆ ಗೋಡೆಗೊರಗಿ ಕೂತೇ ಇದ್ದರು. ಬೆಳಿಗ್ಗೆ ಸತ್ತ ಹನ್ನೆರಡನ್ನು ಹಲಸಿನ ಮರದ ಕೆಳಗೆ ಹೂತರು. ಆ ಮಧ್ಯಾಹ್ನ ನಾನು ಫೋನು ಮಾಡಿದಾಗ ಹೇಳಿದ್ದು ಇಷ್ಟೇ: ‘ಇಲ್ಲೇನಿಲ್ಲ ಬಿಡಮ್ಮ, ಮಳೆ ಅಷ್ಟೆ. ಅಯ್ಯ ಹೆಂಗವ್ರೆ?’

ಸೆಪ್ಟೆಂಬರಿನ ಮೂರನೆಯ ವಾರ ನಾವು ಮರಳಿದೆವು. ಕಾರಿನಿಂದ ಯಜಮಾನರನ್ನು ಇಬ್ಬರು ಹಿಡಿದು ಇಳಿಸುತ್ತಿದ್ದಾಗ ಬಚ್ಚಲಿನ ಕಡೆಯಿಂದ ಕುಂಟುತ್ತ ದಾಸ ಬಂದ, ಅವನ ಹಿಂದೆ ನಾಲ್ಕಾರು ಕೋಳಿಗಳು ಬಂದವು. ನನಗೆ ಮಾತು ಹೊರಡಲಿಲ್ಲ. ಮಾರಲಿಲ್ಲವೇ ಎಂದು ಆ ಸಂಜೆ ಕೇಳಿದೆ. ಅಕ್ಕ ಒಲೆಯ ಬೂದಿ ತೆಗೆಯುತ್ತ ತಲೆಯೆತ್ತದೆ ಹೇಳಿದರು: ‘ಆಸ್ಪತ್ರೆಯಿಂದ ಬಂದೋರಿಗೆ ಬೆಳಿಗ್ಗೆ ಎದ್ದು ಮಾಡಕ್ಕೆ ಏನಾದ್ರೂ ಒಂದು ಬೇಡ್ವಾ?’

ಮುಂದಿನ ತಿಂಗಳುಗಳಲ್ಲಿ ಯಜಮಾನರು ಹಾಸಿಗೆಯಿಂದ ಎದ್ದು ಮೊದಲು ನಡೆದದ್ದು ಬಚ್ಚಲುಮನೆಯ ಬಾಗಿಲಿನವರೆಗೆ, ಕೋಳಿಗಳನ್ನು ಬಿಡುವುದಕ್ಕೆ. ಗೋಡೆ ಹಿಡಿದು ಹದಿನಾಲ್ಕು ಹೆಜ್ಜೆ. ದಾಸ ಮುಂದೆ, ಅವರು ಹಿಂದೆ, ಇಬ್ಬರದೂ ಕುಂಟು ನಡಿಗೆ. ನೋಡಿದರೆ ನಗು ಬರುತ್ತಿತ್ತು, ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು ಅಳುತ್ತಿದ್ದೆ. ಡಿಸೆಂಬರಿನಲ್ಲಿ ಊರಿನ ಹುಡುಗರು ಎರಡು ಭಾನುವಾರ ಬಂದು ದರೆಯಿಂದ ದೂರಕ್ಕೆ, ಅಂಗಳದ ಈಚೆಗೆ ಹೊಸ ಗೂಡು ಕಟ್ಟಿಕೊಟ್ಟರು. ಅವರಿಗೂ ನಾವು ಋಣಿಗಳು.

ಬಚ್ಚಲುಮನೆಯ ಗೋಡೆಯ ಬಗ್ಗೆ ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ನನ್ನ ರಿಜಿಸ್ಟರಿನ ಹುಚ್ಚು ಅಕ್ಕನಿಗೆ ಗೊತ್ತಿತ್ತು, ಬರೆಯಲು ಬಾರದು. ಅದಕ್ಕೆ ಅವರು ಒಲೆಯ ಪಕ್ಕದ ಸುಣ್ಣದ ಗೋಡೆಯ ಮೇಲೆ ಇದ್ದಿಲಿನಿಂದ ದಿನಕ್ಕೊಂದು ಚುಕ್ಕಿ ಇಟ್ಟು, ಚುಕ್ಕಿಯ ಮುಂದೆ ಅಂದಿನ ಮೊಟ್ಟೆಗಳಷ್ಟು ಗೆರೆ ಎಳೆದಿದ್ದರು. ಕೆಲವು ಗೆರೆಗಳಿಗೆ ಕೆಳಗೆ ಕೊಕ್ಕೆ. ಅವು ದಾಸ ತಿಂದವು. ನಡುವೆ ಒಂದು ಕಡೆ ಹನ್ನೆರಡು ಸಣ್ಣ ಸೊನ್ನೆಗಳು, ಒಂದು ಸೊನ್ನೆಗೆ ಮಾತ್ರ ಬಾಲವಿದೆ, ಅದು ಪಟೇಲ. ಅಲ್ಲಿಂದ ಮುಂದೆ ಹದಿಮೂರು ಚುಕ್ಕಿಗಳ ಮುಂದೆ ಒಂದೂ ಗೆರೆಯಿಲ್ಲ. ಬೆದರಿದ ಕೋಳಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ. ಹದಿನಾಲ್ಕನೆಯ ಚುಕ್ಕಿಯ ಮುಂದೆ ಒಂದು ಗೆರೆ, ಅದಕ್ಕೂ ಕೊಕ್ಕೆ. ಒಟ್ಟು 163 ಗೆರೆಗಳು. ಕೊಕ್ಕೆಯಿಲ್ಲದ ಅಷ್ಟೂ ಮೊಟ್ಟೆಗಳ ಹಣವನ್ನು ಅವರು ಬಟ್ಟೆಯಲ್ಲಿ ಗಂಟು ಕಟ್ಟಿ ಅಕ್ಕಿಡಬ್ಬದಲ್ಲಿ ಇಟ್ಟಿದ್ದರು. ಒಂದು ಮೊಟ್ಟೆಯನ್ನೂ ತಾವು ಬೇಯಿಸಿಕೊಂಡಿರಲಿಲ್ಲ. ಈ ವರ್ಷ ಹಬ್ಬಕ್ಕೆ ಮನೆಗೆಲ್ಲ ಸುಣ್ಣ ಬಳಿಸಿದೆವು, ಆ ಗೋಡೆಯೊಂದನ್ನು ಬಿಟ್ಟು.

ಅಕ್ಕ ಹಣವನ್ನು ತೆಗೆದುಕೊಳ್ಳಲಿಲ್ಲ. ಬಹಳ ಒತ್ತಾಯಿಸಿದ ಮೇಲೆ, ಬೆಳ್ಳಕ್ಕ ಮರಿ ಮಾಡಿದರೆ ಮೊಮ್ಮಗಳಿಗೆ ಒಂದು ಜೊತೆ ಕೊಡಿ ಎಂದಿದ್ದರು. ಹುಡುಗಿ ಗುರುವಾರವೇ ಬಂದು ಪಟೇಲನ ಬಣ್ಣದ್ದೊಂದು, ಕತ್ತು ಬೋಳಾಗಿರುವುದೊಂದು ಆರಿಸಿಕೊಂಡು ಹೋಗಿದ್ದಾಳೆ; ತಾಯಿಯಿಂದ ಬಿಡಿಸುವ ಹೊತ್ತಿಗೆ ಬರುತ್ತಾಳಂತೆ. ಅಂದು ದಾಸನನ್ನು ಕಟ್ಟಿಹಾಕಬೇಕಾಗುತ್ತದೆ. ಮರಿಗಳಲ್ಲಿ ಎರಡು ಕಡಿಮೆಯಾದರೆ ಅವನು ಲೈನ್ ಮನೆಯವರೆಗೂ ಹುಡುಕಿಕೊಂಡು ಹೋಗಿ, ಅಕ್ಕನ ಬಾಗಿಲಲ್ಲೇ ಮಲಗುತ್ತಾನೆ.